ಮಾವನ ಚಾಕು, ಸೊಸೆಯ ಬಕೆಟ್ಟು

ಮೀನುಮನೆಯ ಗೇಟು ಇನ್ನೂ ಕೂಗಳತೆ ದೂರ ಇರುವಾಗಲೇ ಮಾವ ಸೊಸೆಯ ಭುಜ ತಟ್ಟಿ ಸ್ಕೂಟರು ನಿಲ್ಲಿಸುತ್ತಿದ್ದರು. ಅಲ್ಲಿ ಇಳಿದು, ಹೆಲ್ಮೆಟ್ಟನ್ನು ಅವಳ ಕೈಗೆ ಕೊಟ್ಟು, ಉಳಿದ ನಾಲ್ಕು ಕೂದಲನ್ನು ಸರಿಮಾಡಿಕೊಂಡು, ಅವಳು ಒಳಗೆ ಹೋಗುವ ತನಕ ಬೇಲಿಯ ಪಕ್ಕ ನಿಲ್ಲುತ್ತಿದ್ದರು. ಆಮೇಲೆ ನಡೆದು ಬಂದು ಗೇಟು ತಟ್ಟುತ್ತಿದ್ದರು. ಗೇಟು ತೆಗೆಯುವವಳೂ ಸೊಸೆಯೇ.

"ನಮಸ್ಕಾರ ಮೇಡಂ. ತಪಾಸಣೆಗೆ ಬಂದಿದ್ದೀನಿ."

"ಬನ್ನಿ ಸಾರ್. ಪ್ರಯಾಣ ಸುಖವಾಗಿತ್ತಾ?"

"ಪರವಾಗಿಲ್ಲ. ಡ್ರೈವರ್ ತಿರುವಿನಲ್ಲಿ ಬ್ರೇಕ್ ಹಾಕಲ್ಲ."

ಇದು ತಿಂಗಳಿಗೊಮ್ಮೆ ನಡೆಯುವ ನಾಟಕ. ಮಾವ ಮೀನು ಆರೋಗ್ಯ ತಪಾಸಕರು. ಸೊಸೆ ಮೀನುಮನೆಯ ಉಸ್ತುವಾರಿ. ಬೀದಿಯವರೆಲ್ಲ ಅವಳನ್ನು ಮೀನು ಡಾಕ್ಟರಮ್ಮ ಎನ್ನುತ್ತಿದ್ದರು. ಒಂದೇ ಮನೆಯಲ್ಲಿ ಉಂಡು, ಒಂದೇ ಸ್ಕೂಟರಿನಲ್ಲಿ ಬರುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ತಪ್ಪು ಹುಡುಕಬೇಕು ಎಂದರೆ ಊರಿನವರ ಬಾಯಿಗೆ ಬೀಗ ಹಾಕುವವರು ಯಾರು? ಅದಕ್ಕೇ ಮಾವ ಬೇರೆಯವರಿಗಿಂತ ಅವಳ ಮೇಲೆ ಎರಡು ಪಟ್ಟು ಬಿಗಿ. ಬೇರೆ ಮೀನುಮನೆಗಳಲ್ಲಿ ತೊಟ್ಟಿಯ ಅಂಚು ನೋಡಿ ಮುಂದೆ ಹೋಗುವವರು, ಇಲ್ಲಿ ಮೊಣಕಾಲೂರಿ ತೊಟ್ಟಿಯ ತಳ ಸವರಿ ಬೆರಳು ಮೂಸಿ ನೋಡುತ್ತಿದ್ದರು.

ಮೀನುಮನೆ ಎಂದರೆ ಊರಾಚೆಯ ಹಳೆಯ ಪಂಪ್‌ಹೌಸ್. ಪಂಪುಗಳನ್ನು ಯಾವಾಗಲೋ ಕಿತ್ತು ಸಾಗಿಸಿದ್ದರು. ಈಗ ಅಲ್ಲಿನ ಸಿಮೆಂಟು ತೊಟ್ಟಿಗಳಲ್ಲಿ ಒಂದೇ ಜಾತಿಯ ಮೀನು ಇತ್ತು. ಅಂಗೈಯುದ್ದದ, ಮಣ್ಣುಬಣ್ಣದ, ಒಮ್ಮೆ ನೋಡಿದವರು ಮತ್ತೆ ತಿರುಗಿ ನೋಡದಂಥ ಮೀನು. ಬಾಯಿಯ ತುದಿ ಎರಡೂ ಕಡೆ ಕೆಳಕ್ಕೆ ಬಾಗಿ, ಸದಾ ಯಾರ ಮೇಲೋ ಮುನಿಸಿಕೊಂಡಂತೆ ಕಾಣುತ್ತಿದ್ದರಿಂದ ಅದನ್ನು ಗಂಟುಮೂತಿ ಎಂದು ಕರೆಯುತ್ತಿದ್ದರು. ಒಂದು ಕಾಲಕ್ಕೆ ಮೇಲಿನ ಹೊಳೆಯ ತುಂಬ ಇದೇ ಮೀನು. ಹೊಳೆ ಕೆಟ್ಟಿತು, ಮೀನು ಹೋಯಿತು. ಈಗ ಹೊಳೆ ಸುಧಾರಿಸಿತ್ತು. ಆದರೆ ಇಡೀ ಲೋಕದಲ್ಲಿ ಉಳಿದಿದ್ದ ಗಂಟುಮೂತಿಗಳು ನಲವತ್ತಮೂರು, ಅಷ್ಟೂ ಡಾಕ್ಟರಮ್ಮನ ತೊಟ್ಟಿಗಳಲ್ಲಿ.

ಅವನ್ನು ಹೊಳೆಗೆ ಬಿಡುವ ಮಾತು ಬಂದ ದಿನವೇ ಮನೆಯಲ್ಲಿ ಜಗಳ ಹುಟ್ಟಿತು. ಮೀನನ್ನು ಹೊಸ ನೀರಿಗೆ ಬಿಡಬೇಕಾದರೆ ಅದರ ಹೊಟ್ಟೆಯಲ್ಲಿ ಲಾಡಿಹುಳ ಇಲ್ಲ ಎಂದು ತಪಾಸಕರು ಹೇಳಬೇಕು. ಲಾಡಿಯಂತೆಯೇ ಉದ್ದಕ್ಕೆ, ಚಪ್ಪಟೆಯಾಗಿ ಕರುಳಿನಲ್ಲಿ ಮನೆ ಮಾಡಿಕೊಳ್ಳುವ ಈ ಹುಳ ಒಂದು ಮೀನಿನ ಮೂಲಕ ಹೊಳೆ ಸೇರಿದರೆ ಅಲ್ಲಿನ ಎಲ್ಲ ಮೀನಿಗೂ ಅಂಟುತ್ತದೆ. ಇಲ್ಲ ಎಂದು ಹೇಳಬೇಕಾದರೆ ನೋಡಬೇಕು, ನೋಡಬೇಕಾದರೆ ಹೊಟ್ಟೆ ಕೊಯ್ಯಬೇಕು. ಮಾವ ಇಡೀ ಜೀವಮಾನ ಮಾಡಿದ್ದು ಅದೇ. ಮೂಳೆಹಿಡಿಯ ಸಣ್ಣ ಚಾಕು ಹಿಡಿದರೆ ಅವರು ಮೀನಿನ ಹೊಟ್ಟೆಯನ್ನು ಲಕೋಟೆ ಬಿಡಿಸಿದಷ್ಟು ನಾಜೂಕಾಗಿ ಬಿಡಿಸುತ್ತಿದ್ದರು. ಇಲಾಖೆಯಲ್ಲಿ ಅವರಿಗೆ ಚಾಕು ಸಾಹೇಬರು ಎಂದೇ ಅಡ್ಡಹೆಸರು.

ಸಂಜೆ ಊಟಕ್ಕೆ ಕೂತಾಗ ಅವರೇ ವಿಷಯ ಎತ್ತಿದರು. "ಬಿಡೋ ಮುಂಚೆ ಅರವತ್ತು ಮೀನು ಕೊಯ್ದು ನೋಡಬೇಕು. ನಿಯಮ ಅದು."

"ಮಾವ, ಇರೋದೇ ನಲವತ್ತಮೂರು."

"ಗೊತ್ತು."

"ಅಂದ್ರೆ ಅಷ್ಟೂ ಕೊಯ್ದ ಮೇಲೂ ಹದಿನೇಳು ಮೀನು ಕಮ್ಮಿ ಬೀಳುತ್ತೆ."

"ನಾನೂ ಅದೇ ಯೋಚನೆ ಮಾಡ್ತಿದ್ದೀನಿ."

"ಕೊಯ್ದಾದ ಮೇಲೆ ಹೊಳೆಗೆ ಏನನ್ನ ಬಿಡೋದು?"

ಮಾವ ನಿಧಾನವಾಗಿ ನೀರು ಕುಡಿದರು. "ಹೊಳೆಗೆ ಹುಳ ಹೋಗಲ್ಲ. ಅದಂತೂ ಗ್ಯಾರಂಟಿ."

ಅತ್ತೆ ತಟ್ಟೆಯಿಂದ ತಲೆಯೆತ್ತಿದರು. ಅವರು ನಿವೃತ್ತರಾಗುವವರೆಗೆ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವರು. ನ್ಯಾಯಾಧೀಶರು ಬದಲಾಗುತ್ತಾ ಹೋದರು, ತೀರ್ಪು ಬಡಿಯುವ ಕೈ ಮಾತ್ರ ಇವರದೇ ಆಗಿತ್ತು. ಹಾಗಾಗಿ ಮನೆಯಲ್ಲಿ ತೀರ್ಪು ಕೊಡುವ ಅಧಿಕಾರ ತಮಗೇ ಸೇರಿದ್ದು ಎಂದು ಅವರು ನಂಬಿದ್ದರು.

"ಆರೋಪಿ ನಿರಪರಾಧಿನಾ ಅಂತ ತಿಳ್ಕೊಳ್ಳೋಕೆ ಅವನನ್ನ ಗಲ್ಲಿಗೆ ಹಾಕಿ ನೋಡೋದು," ಎಂದರು. "ಒಳ್ಳೆ ಕಾನೂನು."

ಡಾಕ್ಟರಮ್ಮನ ಗಂಡ ಲಿಫ್ಟ್ ಮೆಕ್ಯಾನಿಕ್. ಅಪ್ಪನಿಗೂ ಹೆಂಡತಿಗೂ ಮಾತು ಹತ್ತಿಕೊಂಡಾಗಲೆಲ್ಲ ಅವನು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಂತೆ ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತುಬಿಡುತ್ತಿದ್ದ. ಈಗಲೂ "ಉಪ್ಪು ಸ್ವಲ್ಪ ಈ ಕಡೆ ತಳ್ಳಿ" ಎಂದಷ್ಟೇ ಹೇಳಿದ.

ಸೊಸೆಯ ತಲೆಯಲ್ಲಿ ಬೇರೆ ದಾರಿ ಇತ್ತು. ಒಂದೊಂದು ಮೀನನ್ನು ಒಂದೊಂದು ಬಕೆಟ್ಟಿನಲ್ಲಿ ಬಿಟ್ಟು, ನೀರಿಗೆ ಜಂತುಹುಳದ ಔಷಧಿ ಹಾಕಿ ಒಂದು ರಾತ್ರಿ ಕಾಯುವುದು. ಹೊಟ್ಟೆಯಲ್ಲಿ ಹುಳವಿದ್ದರೆ ಅದು ಹಿಡಿತ ಬಿಟ್ಟು ಹೊರಗೆ ಬೀಳುತ್ತದೆ. ನೀರು ಸೋಸಿದರೆ ಹುಳ ಜರಡಿಯಲ್ಲಿ, ಮೀನು ಬಕೆಟ್ಟಿನಲ್ಲಿ, ಜೀವಂತ.

"ಹುಳ ಬಂದ್ರೆ ಇತ್ತು ಅಂತ ಗೊತ್ತಾಯ್ತು," ಎಂದರು ಮಾವ. "ಬರದೇ ಇದ್ರೆ? ಇರಲಿಲ್ಲ ಅಂತಲಾ, ಇದ್ದೂ ಬರಲಿಲ್ಲ ಅಂತಲಾ?"

ಪ್ರಶ್ನೆ ಸರಿಯಾಗಿತ್ತು. ಸೊಸೆ ಒಪ್ಪಿಕೊಂಡಳು. "ಅದನ್ನೇ ಪರೀಕ್ಷೆ ಮಾಡಿ ನೋಡೋಣ. ಸಾಮಾನ್ಯ ಮೀನು ತಂದು."

"ಬೇಡಮ್ಮ. ನಾಳೆ ಜನ ಏನಂತಾರೆ? ಸೊಸೆ ಮೀನು ಅಂತ ಮಾವ ಚಾಕು ಒಳಗಿಟ್ಟ ಅಂತಾರೆ. ಮುಂದಿನ ವರ್ಷ ರಿಟೈರ್ ಆಗೋನು ನಾನು."

"ಸರಿ, ಬಿಡಿ." ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ಮೃದುವಾಗಿ ಸೇರಿಸಿದಳು: "ಇಷ್ಟು ವರ್ಷ ಒಬ್ಬರೇ ಓಡಿ ಮೊದಲ ಬಹುಮಾನ ತಗೊಂಡ ಚಾಕು. ಈಗ್ಯಾಕೆ ಪಕ್ಕದಲ್ಲಿ ಇನ್ನೊಬ್ಬರನ್ನ ಓಡಿಸೋದು."

ಹೀಗೆ ಮಾವನ ತಲೆಗೆ ಹುಳ ಬಿಟ್ಟು ಅವಳು ಪಾತ್ರೆ ತೊಳೆಯಲು ಹೋದಳು. ಮರುದಿನ ಬೆಳಿಗ್ಗೆ ಸ್ಕೂಟರು ಇನ್ನೂ ಮೊದಲ ತಿರುವು ದಾಟಿರಲಿಲ್ಲ, ಹಿಂದಿನಿಂದ ಮಾವ ಅವಳ ಹೆಲ್ಮೆಟ್ಟಿಗೆ ಬಾಯಿಟ್ಟು ಕೇಳಿದರು: "ಎಷ್ಟು ಮೀನು ಬೇಕಾಗುತ್ತೆ ನಿನ್ನ ಓಟಕ್ಕೆ?"

ಊರ ಹೊರಗೆ ಮೀನು ಸಾಕುವ ಕೊಳವೊಂದಿತ್ತು. ಅದರ ಮಾಲೀಕ, ಹೇಗೂ ಸಂತೆಗೆ ಹೋಗಬೇಕಾಗಿದ್ದ ಮೀನಿನಲ್ಲಿ ನಲವತ್ತನ್ನು ಕೊಡಲು ಒಪ್ಪಿದ. ತನ್ನ ಕೊಳದಲ್ಲಿ ಲಾಡಿಹುಳ ಇದೆ ಎಂದು ಅವನು ನಾಚಿಕೊಂಡೇ ಹೇಳಿದ. ಅದನ್ನು ಕೇಳಿ ಇವರಿಬ್ಬರೂ ಹಿಗ್ಗಿದ್ದು ಕಂಡು ಗಾಬರಿಯಾದ.

ಆದರೆ ಪರೀಕ್ಷೆ ನಡೆಸುವುದು ಎಲ್ಲಿ? ಹೊರಗಿನ ಯಾವ ಮೀನೂ ಮೀನುಮನೆಯ ಗೇಟು ದಾಟಕೂಡದು ಎಂದು ಮಾವನೇ ಕಟ್ಟಪ್ಪಣೆ ಮಾಡಿದ್ದರು. ಮಾವನ ಪ್ರಯೋಗಾಲಯದಲ್ಲಿ ಮೇಜು ಬಿಟ್ಟರೆ ಜಾಗವಿರಲಿಲ್ಲ. ಕೊನೆಗೆ ಉಳಿದದ್ದು ಮನೆಯ ಕಾರ್ ಶೆಡ್ಡು. ಮನೆಯಲ್ಲಿ ಕಾರಿರಲಿಲ್ಲ, ಶೆಡ್ಡಿನ ತುಂಬ ಗಂಡ ಬಿಚ್ಚಿ ತಂದಿಟ್ಟ ಲಿಫ್ಟಿನ ಗುಂಡಿಗಳೂ ಹಲ್ಲುಚಕ್ರಗಳೂ ಇದ್ದವು. ಅವನು ಒಂದು ಮಾತಾಡದೆ ಅವನ್ನೆಲ್ಲ ಮಂಚದ ಕೆಳಗೆ ಸಾಗಿಸಿದ.

ಬಕೆಟ್ಟುಗಳನ್ನು ಕೂಡಿಹಾಕುವ ಕೆಲಸವೂ ಅವನ ತಲೆಗೇ ಬಂತು. ಸ್ನಾನದ ಮನೆಯ ಬಕೆಟ್ಟು, ನೆಲ ಒರೆಸುವ ಬಕೆಟ್ಟು, ಬಣ್ಣ ಖಾಲಿಯಾದ ಡಬ್ಬಿ, ಅಕ್ಕಪಕ್ಕದವರಿಂದ ಎರವಲು ತಂದದ್ದು, ಎಲ್ಲ ಉಜ್ಜಿ ಉಜ್ಜಿ ತೊಳೆದು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ. ಆ ಎರಡು ದಿನ ಮನೆಮಂದಿ ಟೀ ಪಾತ್ರೆಯಲ್ಲಿ ನೀರು ಹಿಡಿದು ಸ್ನಾನ ಮಾಡಿದರು. ಎದುರು ಮನೆಯಾಕೆ ಬಂದು, "ನಮ್ಮ ಬಕೆಟ್ ಯಾವಾಗ ಕೊಡ್ತೀರಿ?" ಎಂದು ಕೇಳಿದಾಗ ಅತ್ತೆ, "ವಿಚಾರಣೆ ನಡೀತಾ ಇದೆ," ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಮೀನುಗಳನ್ನು ಪಾಲು ಮಾಡಿದ್ದೂ ಅತ್ತೆಯೇ. ಕಣ್ಣುಮುಚ್ಚಿ ಬಲೆಗೆ ಕೈ ಹಾಕಿ, ಒಂದು ಮೀನು ತಮ್ಮ ಗಂಡನಿಗೆ, ಒಂದು ಸೊಸೆಗೆ ಎಂದು ಆಸ್ತಿ ಹಂಚಿದಂತೆ ಹಂಚಿದರು. ಮಾವ ತಮ್ಮ ಪಾಲಿನ ಮೀನುಗಳನ್ನು ಅಂದೇ ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಕೊಯ್ದರು. ಮೂರರಲ್ಲೊಂದು ಪಾಲಿನ ಮೀನುಗಳಲ್ಲಿ ಹುಳ ಸಿಕ್ಕಿತು. ಒಂದೊಂದು ಸಿಕ್ಕಾಗಲೂ ಅವರು ಇಕ್ಕಳದಲ್ಲಿ ಎತ್ತಿ ಸೊಸೆಯ ಕಡೆ ತೋರಿಸಿ, ಮಾತಿಲ್ಲದೆ ತಟ್ಟೆಗೆ ಹಾಕುತ್ತಿದ್ದರು. ಸೊಸೆ ತನ್ನ ಪಾಲಿನ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಔಷಧಿ ಕಲಕಿ, ಮೇಲೆ ಹಳೇ ಸೊಳ್ಳೆಪರದೆ ಹೊದಿಸಿ ಮಲಗಲು ಹೋದಳು.

ಬೆಳಗ್ಗೆ ಎದ್ದವಳೇ ಶೆಡ್ಡಿಗೆ ಹೋಗಿ ಒಂದೊಂದೇ ಬಕೆಟ್ಟಿನ ನೀರು ಸೋಸತೊಡಗಿದಳು. ಮೊದಲ ಬಕೆಟ್ಟಿನಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಒಂದು ಹುಳ, ನೀರಲ್ಲಿ ನೆನೆದ ದಾರದಂತೆ ಮೆತ್ತಗೆ. ಅವಳ ಎದೆ ಹಗುರಾಯಿತು. ಹಾಗೇ ಮುಂದುವರಿದು ನೀಲಿ ಬಣ್ಣದ ಡಬ್ಬಿಗೆ ಬಂದಾಗ ಜರಡಿಯಲ್ಲಿ ವಿಚಿತ್ರವಾದದ್ದೊಂದು ಬಿದ್ದಿತ್ತು. ಹುಳವೇ, ಆದರೆ ಇಸ್ತ್ರಿ ಹಾಕಿದ ಲಾಡಿಯಂತೆ ಗಡುಸು. ಬೆರಳಿನಿಂದ ಬಾಗಿಸಿದರೆ ರಬ್ಬರಿನಂತೆ ಎದ್ದು ನಿಲ್ಲುತ್ತಿತ್ತು. ಮೂಗಿನ ಬಳಿ ಹಿಡಿದಳು. ಸ್ಪಿರಿಟ್ಟಿನ ವಾಸನೆ. ಮೀನುಮನೆಯಿಂದ ತಂದಿಟ್ಟಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ತಲೆಯ ಸುತ್ತ ಕೊಕ್ಕೆಗಳ ಕಿರೀಟ. ಈ ಮೀನುಗಳ ಲಾಡಿಹುಳಕ್ಕೆ ಕಿರೀಟವಿಲ್ಲ. ಅದರ ತಲೆಯಲ್ಲಿ ಎರಡು ಸೀಳು ಮಾತ್ರ.

ಅವಳಿಗೆ ಈ ಕಿರೀಟದ ಪರಿಚಯವಿತ್ತು. ಮನೆಯ ಹಜಾರದಲ್ಲಿ, ಬೇರೆಯವರು ಪಿಂಗಾಣಿ ಬೊಂಬೆ ಇಡುವಂಥ ಗಾಜಿನ ಬೀರುವಿನಲ್ಲಿ, ಮಾವ ತಮ್ಮ ಜೀವಮಾನದ ಹುಳಗಳನ್ನು ಸ್ಪಿರಿಟ್ಟಿನ ಸೀಸೆಗಳಲ್ಲಿ ತುಂಬಿಟ್ಟಿದ್ದರು. ಬಂದ ನೆಂಟರು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಡಾಕ್ಟರಮ್ಮ ಸದ್ದಿಲ್ಲದೆ ಒಳಗೆ ಬಂದು ನೋಡಿದಳು. ಮೂರನೇ ಸಾಲಿನ ಮೂಲೆಯ ಸೀಸೆಯ ಮುಂದೆ ಮಾತ್ರ ಧೂಳು ಒರೆಸಿಹೋಗಿತ್ತು. ಸೀಸೆಯನ್ನು ಚೀಟಿ ಎದುರಿಗೆ ಬರುವಂತೆ ತಿರುಗಿಸಿಟ್ಟಿದ್ದರು. ಚೀಟಿಯ ಮೇಲೆ ಬಾತುಕೋಳಿ ಎಂದು ಬರೆದಿತ್ತು. ಚೀಟಿಯ ಹಿಂದೆ ಬರೀ ಸ್ಪಿರಿಟ್ಟು.

ಅವಳು ಶೆಡ್ಡಿಗೆ ವಾಪಸು ಹೋಗಿ, ಮಗುಚಿದ ಡಬ್ಬಿಯ ಮೇಲೆ ಕೂತು, ಮೊಣಕೈಗೆ ಬಾಯಿ ಒತ್ತಿಕೊಂಡು ಸಾಕಾಗುವಷ್ಟು ನಕ್ಕಳು. ಆಮೇಲೆ ಮುಖ ತೊಳೆದುಕೊಂಡು ತಿಂಡಿಗೆ ಬಂದಳು.

ಮಾವ ಪತ್ರಿಕೆಯ ಹಿಂದೆ ಇದ್ದರು. "ಏನಮ್ಮಾ, ಹೇಗಿದೆ ಬಕೆಟ್ಟುಗಳ ಸಮಾಚಾರ?"

"ಚೆನ್ನಾಗಿದೆ ಮಾವ. ಮೂರರಲ್ಲೊಂದು ಪಾಲು ಬಂದಿದೆ, ನಿಮ್ಮ ಹಾಗೇ. ಆದ್ರೆ ನೀಲಿ ಡಬ್ಬಿಯಲ್ಲಿ ಒಂದು ಹುಳ ಸಿಕ್ಕಿದೆ. ಅದು ಏನು ಅಂತ ತಿಳೀತಾ ಇಲ್ಲ."

"ಯಾಕೆ, ಹುಳ ಹುಳವೇ ತಾನೆ? ಲೆಕ್ಕಕ್ಕೆ ಸೇರಿಸಿಬಿಡು." ಪತ್ರಿಕೆ ಅಲುಗಲಿಲ್ಲ.

"ಹಾಗೆ ಸೇರಿಸೋಕೆ ಆಗಲ್ಲ. ತಲೆ ಮೇಲೆ ಕಿರೀಟ ಇದೆ ಮಾವ. ಈ ಮೀನಿನಲ್ಲಿ ಇಂಥ ಹುಳ ಇದೆ ಅಂತ ಯಾರೂ ಹೇಳಿಲ್ಲ. ನನಗನಿಸುತ್ತೆ, ಇದು ಹೊಸ ಜಾತಿ."

ಪತ್ರಿಕೆ ಎರಡು ಬೆರಳಷ್ಟು ಕೆಳಗಿಳಿಯಿತು.

"ಹೊಸ ಜಾತಿ ಆದ್ರೆ ಹೆಸರಿಡಬೇಕಲ್ಲ," ಸೊಸೆ ಟೀಗೆ ಸಕ್ಕರೆ ಕಲಕುತ್ತಾ ಹೇಳಿದಳು. "ನಿಮ್ಮ ಹೆಸರನ್ನೇ ಇಡೋಣ ಅಂತ ಇದ್ದೀನಿ."

ಇಲ್ಲಿ ಒಂದು ಮಾತು ಹೇಳಬೇಕು. ಹುಳಕ್ಕೆ ತಮ್ಮ ಹೆಸರು ಬರಬೇಕೆಂಬುದು ಮಾವನ ಹಳೆಯ ಆಸೆ. ತಮ್ಮ ಜೊತೆ ಕೆಲಸಕ್ಕೆ ಸೇರಿದ ಇನ್ನೊಬ್ಬನ ಹೆಸರು ಒಂದು ಹೇನಿಗೆ ಬಂದಿದ್ದನ್ನು ಅವರು ಇವತ್ತಿಗೂ ಸಹಿಸಿಕೊಂಡಿರಲಿಲ್ಲ. ಹಾಗಾಗಿ ಒಂದು ಕ್ಷಣ, ಎಲ್ಲ ಗೊತ್ತಿದ್ದೂ, ಅವರ ಮುಖ ಅರಳಿಯೇ ಬಿಟ್ಟಿತು. ಮರುಕ್ಷಣ ಅದು ತಾನು ಅರಳಿದ್ದು ಯಾವ ಹುಳಕ್ಕೆ ಎಂದು ನೆನಪಾಗಿ ಬಾಡಿತು.

"ನನ್ನ ಗಂಡನ ಹೆಸರು ಹುಳಕ್ಕೆ," ಅತ್ತೆ ಹೇಳಿದರು. "ಮದುವೆ ದಿನವೇ ನನಗೆ ಹೊಳೀಬೇಕಿತ್ತು."

"ಇವತ್ತೇ ಕೇಂದ್ರ ಕಚೇರಿಗೆ ಫೋನ್ ಮಾಡ್ತೀನಿ," ಎಂದಳು ಸೊಸೆ. "ದೊಡ್ಡವರೆಲ್ಲ ಬರ್ತಾರೆ. ಫೋಟೊ ತೆಗೀತಾರೆ. ನೀವು ಆ ಒಳ್ಳೆ ಕೋಟು ಹಾಕ್ಕೊಳ್ಳಿ ಮಾವ."

"ಅವಸರ ಏನಿದೆ?"

"ಇಂಥ ವಿಷಯ ಮುಚ್ಚಿಡಬಾರದು."

"ಸರಿಯಾಗಿ ನೋಡಿದ್ಯಾ? ಕಣ್ಣು ಮೋಸ ಮಾಡುತ್ತೆ ಕೆಲವು ಸಲ."

"ಕೊಕ್ಕೆ ಎಣಿಸಿದ್ದೀನಿ. ಬೇಕಿದ್ರೆ ನೀವೂ ಬಂದು ಎಣಿಸಿ. ಹೇಗೂ ನಿಮ್ಮ ಹೆಸರಿನ ಹುಳ."

ಗಂಡ ತಿಂಡಿ ಬಿಟ್ಟು ಅಪ್ಪನ ಕಿವಿಗಳನ್ನು ನೋಡುತ್ತಿದ್ದ. ಅವು ಮೆಲ್ಲಗೆ ಕೆಂಪಾಗುತ್ತಿದ್ದವು. ಮಾವ ಪತ್ರಿಕೆ ಮಡಿಸಿದರು, ಇನ್ನೊಮ್ಮೆ ಮಡಿಸಿದರು, ಮಡಿಸಲು ಇನ್ನೇನೂ ಉಳಿಯದಾಗ ಕೆಳಗಿಟ್ಟರು.

"ಅದು ಬಾತುಕೋಳಿ ಹುಳ," ಎಂದರು.

"ಹೌದಾ?" ಸೊಸೆ ಕಣ್ಣರಳಿಸಿದಳು. "ಶೆಡ್ಡಿಗೆ ಬಾತುಕೋಳಿ ಯಾವಾಗ ಬಂತು ಮಾವ? ಬಾಗಿಲು ಹಾಕಿದ್ದೆನಲ್ಲ."

ಅಷ್ಟು ಹೊತ್ತು ತಡೆದಿದ್ದ ಅತ್ತೆ ಲೋಟ ಕೆಳಗಿಟ್ಟರು. "ಬಾತುಕೋಳಿ ಮುಂಜಾನೆ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಅಡುಗೆಮನೆ ಮುಂದೆ ಹೋಯ್ತು. ನಾನೇ ನೋಡಿದೆ. ಲುಂಗಿ ಉಟ್ಕೊಂಡಿತ್ತು."

ಗಂಡನ ಬಾಯಲ್ಲಿದ್ದ ಟೀ ಮೂಗಿಗೆ ಏರಿತು. ಮಾವ ಮಾತ್ರ ನಗಲಿಲ್ಲ. "ನಾನು ಅವಳನ್ನ ಪರೀಕ್ಷೆ ಮಾಡಿದೆ," ಎಂದರು ಗತ್ತಿನಿಂದ. "ಹುಳ ಸಿಗಲಿ ಅಂತ ಕಾಯ್ತಾ ಕೂತೋರು ಸಿಕ್ಕಿದ್ದನ್ನೆಲ್ಲ ಲೆಕ್ಕಕ್ಕೆ ಹಾಕ್ತಾರೆ. ಇವಳು ಹಾಕ್ತಾಳಾ ಅಂತ ನೋಡಬೇಕಿತ್ತು."

"ಹಾಕಿದ್ನಾ ನಾನು?" ಸೊಸೆ ಕೇಳಿದಳು.

"ಹಾಕಲಿಲ್ಲ."

"ಮತ್ತೆ ಹಾಕು ಅಂತ ನೀವೇ ಹೇಳಿದ್ರಲ್ಲ ಈಗ?"

"ಅದೂ ಪರೀಕ್ಷೆಯ ಭಾಗ."

ನಿಜವಾಗಿ ಪರೀಕ್ಷೆಯೋ, ಬಕೆಟ್ಟನ್ನು ಸೋಲಿಸುವ ಕುತಂತ್ರವೋ? ಅದನ್ನು ಮಾವ ಯಾವತ್ತೂ ಬಿಟ್ಟುಕೊಡಲಿಲ್ಲ. ಕುತಂತ್ರವೇ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿ, ಸಾಕ್ಷ್ಯ ತಿದ್ದಿದ ತಪ್ಪಿಗೆ ಎಲ್ಲ ಬಕೆಟ್ಟುಗಳನ್ನೂ ತೊಳೆದು ಅವರವರ ಮನೆಗೆ ತಲುಪಿಸುವ ಶಿಕ್ಷೆ ವಿಧಿಸಿದರು. ಎರಡೂ ಇರಬಹುದು ಎಂದು ಗಂಡ, ತನ್ನ ಅಭ್ಯಾಸದಂತೆ, ನಡುವೆ ನಿಂತ. ಸೊಸೆ ಮಾತ್ರ ಅದನ್ನು ಹೊಟ್ಟೆಗೆ ಹಾಕಿಕೊಂಡಳು. ಮಾವನನ್ನು ಮಾತಿಲ್ಲದಂತೆ ಮಾಡಿದ ಸುಖ ಅವಳಿಗೆ ಒಂದು ವಾರಕ್ಕೆ ಸಾಕಾಗಿತ್ತು.

ಆದರೆ ಅಸಲು ಪರೀಕ್ಷೆ ಇನ್ನೂ ಬಾಕಿ ಇತ್ತು. ಬಕೆಟ್ಟಿನಿಂದ ಎದ್ದ ಮೀನುಗಳನ್ನು ಮಾವ ಕೊಯ್ದು ನೋಡಬೇಕು. ಹಿತ್ತಲಿಗೆ ಕುರ್ಚಿಗಳು ಬಂದವು. ಮಾವ ಮೊದಲು ಎತ್ತಿಕೊಂಡದ್ದು ಎರಡನೇ ಬಕೆಟ್ಟಿನ ಮೀನನ್ನು. ಕೊಯ್ದರು, ಕರುಳನ್ನು ಉದ್ದಕ್ಕೆ ಬಿಡಿಸಿದರು, ಭೂತಗನ್ನಡಿ ಹಿಡಿದರು.

"ಹುಳ ಇಲ್ಲ. ನಿನ್ನ ಬಕೆಟ್ಟು ಇದೆ ಅಂತ ಹೇಳಿತ್ತು. ಬಕೆಟ್ಟು ಸುಳ್ಳು ಹೇಳುತ್ತೆ."

"ಮಾವ, ಹುಳ ಬಕೆಟ್ಟಿಗೆ ಬಂತು. ಅದಕ್ಕೇ ಹೊಟ್ಟೆಯಲ್ಲಿ ಇಲ್ಲ."

"ನನ್ನ ಚಾಕು ನೋಡೋದು ಹೊಟ್ಟೆಯನ್ನ. ಹೊಟ್ಟೆ ಖಾಲಿ."

"ಖಾಲಿ ಮಾಡಿದ್ದೇ ನಾವು."

"ಹಾಗಾದ್ರೆ ಮೊದಲು ಕೊಯ್ದು ಆಮೇಲೆ ಬಕೆಟ್ಟಿಗೆ ಹಾಕೋಣ."

"ಕೊಯ್ದ ಮೀನು ಬಕೆಟ್ಟಲ್ಲಿ ಏನು ಮಾಡುತ್ತೆ ಮಾವ?"

ಮಾವನಿಗೂ ಇದು ಅರ್ಥವಾಗದ ವಿಷಯವಲ್ಲ. ಆದರೆ ಬೆಳಗಿನ ಬಾತುಕೋಳಿಯ ಸೇಡು ಎಲ್ಲಾದರೂ ತೀರಿಸಿಕೊಳ್ಳಬೇಕಿತ್ತು. ಅತ್ತೆ ಕೈಯೆತ್ತಿದರು. "ಕೈದಿ ಜೈಲು ಬಿಟ್ಟು ಹೋದ್ಮೇಲೆ ಕೋಣೆ ಖಾಲಿ ಇದೆ ಅಂತ ದೂರು ಕೊಟ್ರೆ ನಡೆಯಲ್ಲ. ಹೋಗದೆ ಒಳಗೇ ಉಳಿದೋರು ಯಾರಾದ್ರೂ ಇದ್ದಾರಾ? ಅಷ್ಟು ನೋಡಿ ಸಾಕು."

ಅದೇ ಸರಿಯಾದ ಲೆಕ್ಕ ಎಂದು ಇಬ್ಬರೂ ಒಪ್ಪಿದರು. ಔಷಧಿ ಕುಡಿದೂ ಒಳಗೇ ಅವಿತ ಹುಳ ಒಂದೇ ಒಂದು ಸಿಕ್ಕರೂ ಬಕೆಟ್ಟನ್ನು ನಂಬುವಂತಿಲ್ಲ. ಮಾವ ಒಂದರ ಹಿಂದೊಂದು ಕೊಯ್ಯುತ್ತಾ ಹೋದರು. ಖಾಲಿ, ಖಾಲಿ, ಖಾಲಿ. ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು. ಅವರು ಯಾವ ಮೀನನ್ನೂ ಬೇಗ ಬಿಡಲಿಲ್ಲ. ಕರುಳಿನ ಮಡಿಕೆ ಮಡಿಕೆಯನ್ನೂ ತಿರುವಿ ನೋಡುತ್ತಿದ್ದರು. ಸೊಸೆಗೆ ಅದನ್ನು ನೋಡುತ್ತಾ ನೋಡುತ್ತಾ ನಗು ಹೋಗಿ ಬೇರೊಂದು ಭಾವ ಬಂತು. ಇಷ್ಟು ಚೆನ್ನಾಗಿ ಮಾಡುವ ಕೆಲಸವನ್ನು ಇನ್ನು ಮಾಡಬೇಡಿ ಎನ್ನುವುದು ಸಣ್ಣ ಮಾತಲ್ಲ ಎಂದು ಅವಳಿಗೆ ಆಗ ಮೊದಲ ಸಲ ಅನ್ನಿಸಿತು.

ಕೊನೆಯಿಂದ ಮೂರನೆಯ ಮೀನಿನ ಹತ್ತಿರ ಚಾಕು ನಿಂತಿತು. ಮಾವ ಇಕ್ಕಳ ತೆಗೆದುಕೊಂಡರು. ಹೊರಗೆ ಬಂದದ್ದು ಉಗುರಿನಷ್ಟುದ್ದದ ಎಳೆಯ ಹುಳ. ಬಕೆಟ್ಟು ಆ ಮೀನನ್ನು ಶುದ್ಧ ಎಂದಿತ್ತು.

ಸೊಸೆ ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದಳು. "ಇದಕ್ಕೂ ಸ್ಪಿರಿಟ್ ವಾಸನೆ ಇದ್ಯಾ?" ಎಂದು ಗಂಡ ಮೆಲ್ಲಗೆ ಕೇಳಿದ. ಇರಲಿಲ್ಲ. ನಿಜವಾದ ಹುಳವೇ.

"ಸೋತೆ ಮಾವ," ಎಂದಳು. ನಲವತ್ತಮೂರು ಮುನಿದ ಮುಖಗಳು ಕಣ್ಣ ಮುಂದೆ ಬಂದವು.

ಮಾವ ಹುಳವನ್ನು ತಟ್ಟೆಗೆ ಹಾಕಿ ಕೈ ತೊಳೆದುಕೊಂಡರು. ಬಹಳ ಹೊತ್ತು ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿದರು. ಗೆದ್ದವರ ಹಾಗೆ ಕಾಣಲಿಲ್ಲ.

"ಈ ಮೀನು ಯಾವ ಬಕೆಟ್ಟಲ್ಲಿತ್ತು?"

"ಬಾಗಿಲ ಹತ್ತಿರದ್ದು. ಎದುರು ಮನೆಯವರದ್ದು."

"ಅಲ್ಲಿ ಗಾಳಿ ಬೀಸುತ್ತೆ. ನೀರು ತಣ್ಣಗಾಗಿ ಔಷಧಿ ಪೂರ್ತಿ ಹತ್ತಿಲ್ಲ. ಎಳೇ ಹುಳ, ಗಟ್ಟಿಯಾಗಿ ಹಿಡ್ಕೊಂಡಿದೆ." ಅವರು ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ನೀರನ್ನ ಒಂದೇ ಹದಕ್ಕೆ ಇಡಬೇಕು. ಆಮೇಲೆ, ಎರಡು ಸಲ ಮಾಡಬೇಕು. ವಾರ ಬಿಟ್ಟು ಎರಡನೇ ಸಲ. ಎರಡನೇ ಸಲ ಒಂದೂ ಬರದಿದ್ರೆ ಮಾತ್ರ ಶುದ್ಧ. ಅರ್ಧಂಬರ್ಧ ಕೆಲಸ ನನ್ನ ಹತ್ರ ನಡೆಯಲ್ಲ ಮೇಡಂ."

ಮನೆಯ ಹಿತ್ತಲಿನಲ್ಲಿ ಅವರು ಅವಳನ್ನು ಮೇಡಂ ಎಂದದ್ದು ಅದೇ ಮೊದಲು. ಅವಳೂ ಬಿಡಲಿಲ್ಲ. "ಆಗಲಿ ಸಾರ್."

ಅವರು ಹೇಳಿದಂತೆಯೇ ಕೊಳದಿಂದ ಇನ್ನೊಂದು ಕಂತು ಮೀನು ತಂದು, ಶೆಡ್ಡಿನ ಬಾಗಿಲಿಗೆ ಕಂಬಳಿ ಕಟ್ಟಿ, ಎರಡು ಸಲ ಔಷಧಿ ಹಾಕಿ ನೋಡಿದರು. ಈ ಸಲ ಕೊಯ್ದಾಗ ಎಲ್ಲೂ ಏನೂ ಸಿಗಲಿಲ್ಲ. ಎದುರು ಮನೆಯಾಕೆ ಬಕೆಟ್ಟಿನ ಆಸೆ ಬಿಟ್ಟು ಹೊಸದು ಕೊಂಡುಕೊಂಡಳು.

ಕೇಂದ್ರ ಕಚೇರಿಯವರನ್ನು ಒಪ್ಪಿಸಿದ್ದು ಮಾವ. ಅವರು ಫೋನಿನಲ್ಲಿ ಮಾತಾಡುವಾಗ ಇಡೀ ಬೀದಿಗೆ ಕೇಳಿಸುತ್ತಿತ್ತು. "ಸ್ವಾಮಿ, ಇರೋ ಮೀನೆಲ್ಲ ಕೊಂದರೂ ನಿಮ್ಮ ನಿಯಮಕ್ಕೆ ಹದಿನೇಳು ಕಮ್ಮಿ. ಆ ಹದಿನೇಳನ್ನ ನೀವು ಎಲ್ಲಿಂದ ತರ್ತೀರಿ, ಮೊದಲು ಅದು ಹೇಳಿ." ಸೊಸೆ ಬಾಗಿಲ ಮರೆಯಲ್ಲಿ ನಿಂತು ತನ್ನದೇ ಮಾತು ಮಾವನ ಬಾಯಲ್ಲಿ ಇನ್ನೂ ಖಾರವಾಗಿ ಬರುವುದನ್ನು ಕೇಳಿದಳು. ಸೊಸೆಗೆ ರಿಯಾಯಿತಿ ತೋರಿಸಿದರು ಎಂಬ ಮಾತು ಬಾರದಿರಲೆಂದು, ಬೇರೆ ವಲಯದ ತಪಾಸಕರೊಬ್ಬರು ಬಂದು ಕಣ್ಣಾರೆ ನೋಡಲಿ ಎಂದೂ ಅವರೇ ಹಟ ಹಿಡಿದರು. ಬಂದವರು ಚಳಿಗೆ ಶಾಲು ಹೊದ್ದು, ಬಕೆಟ್ಟುಗಳನ್ನು ಒಂದು ಸುತ್ತು ಹಾಕಿ, ಬಿಸಿ ಬಿಸಿ ಟೀ ಕುಡಿದು, ಎಲ್ಲ ಸರಿ ಇದೆ ಎಂದರು. ಮಾವನಿಗೆ ಅಷ್ಟಕ್ಕೆ ಸಮಾಧಾನವಾಗದೆ, ಅವರನ್ನು ಹಿಡಿದು ಇನ್ನೊಂದು ಸುತ್ತು ಹಾಕಿಸಿದರು.

ಗಂಟುಮೂತಿಗಳ ಸರದಿ ಬಂದಾಗ ಮೂರು ಮೀನುಗಳಿಂದ ಹುಳ ಬಂತು. ಚಾಕುವಿನಿಂದಾಗಿದ್ದರೆ ಅದು ಗೊತ್ತಾಗುವ ಹೊತ್ತಿಗೆ ಗೊತ್ತಾಗಿ ಪ್ರಯೋಜನವಿರುತ್ತಿರಲಿಲ್ಲ. ಎರಡನೇ ಸಲ ಒಂದೂ ಬರಲಿಲ್ಲ. ಆ ದಿನಗಳಲ್ಲಿ ಮಾವ ಮೀನುಮನೆ ಬಿಟ್ಟು ಕದಲಲಿಲ್ಲ. ಬಕೆಟ್ಟಿನಿಂದ ಬಕೆಟ್ಟಿಗೆ ಥರ್ಮಾಮೀಟರು ಹಿಡಿದು ಓಡಾಡಿದರು. ಜರಡಿ ಸರಿಯಾಗಿ ಒಣಗಿಲ್ಲ ಎಂದು ಸೊಸೆಯನ್ನು ಗದರಿಸಿದರು. ಒಂದು ಮೀನು ಸ್ವಲ್ಪ ಮಂಕಾಗಿದೆ ಎಂದು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಆ ಮೀನಿನ ಮುಖವೂ ಅವರ ಮುಖವೂ ಎದುರೆದುರು ಒಂದೇ ಥರ ಕೆಳಕ್ಕೆ ಬಾಗಿದ್ದನ್ನು ಕಂಡು ಸೊಸೆ ಕಿಟಕಿಯ ಕಡೆ ತಿರುಗಿಕೊಳ್ಳಬೇಕಾಯಿತು.

ಹೊಳೆಗೆ ಬಿಡುವ ದಿನ ಮನೆಯವರೆಲ್ಲ ಹೋದರು. ಗಂಡ ರಜೆ ಹಾಕಿದ್ದ, ಅತ್ತೆ ಊಟ ಕಟ್ಟಿಕೊಂಡಿದ್ದರು. ನೀರು ತಿಳಿಯಾಗಿ, ಮೊಣಕಾಲುದ್ದ ಇತ್ತು. ಮಾವ ತೊಡೆಯವರೆಗಿನ ರಬ್ಬರ್ ಬೂಟು ಹಾಕಿಕೊಂಡು ಹೊಳೆಗಿಳಿದರು. ಸೊಸೆ ದಡದಿಂದ ಒಂದೊಂದು ಬಕೆಟ್ಟು ಕೊಡುವುದು, ಅವರು ಅದನ್ನು ನೀರಿನಲ್ಲಿ ಓರೆಮಾಡಿ ಹಿಡಿಯುವುದು. ಮೀನುಗಳು ಒಮ್ಮೆಗೇ ಚಿಮ್ಮಿ ಕಣ್ಮರೆಯಾಗುತ್ತವೆ ಎಂದುಕೊಂಡು ಗಂಡ ಫೋನು ಹಿಡಿದು ಕಾದಿದ್ದ.

ಅವು ಚಿಮ್ಮಲಿಲ್ಲ. ಹುಟ್ಟಿದಾಗಿನಿಂದ ನಾಲ್ಕು ಗೋಡೆಯನ್ನಷ್ಟೇ ಕಂಡಿದ್ದ ಅವು, ಇಷ್ಟು ದೊಡ್ಡ ಬಯಲನ್ನು ನೋಡಿ ಗಾಬರಿಬಿದ್ದು, ಎದುರಿಗೆ ಕಂಡ ಒಂದೇ ನೆರಳಿಗೆ ನುಗ್ಗಿದವು. ಅದು ಮಾವನ ಕಾಲುಗಳ ನೆರಳು. ನಲವತ್ತಮೂರು ಗಂಟುಮೂತಿಗಳೂ ಎರಡು ಬೂಟುಗಳ ಸುತ್ತ, ಹಿಂದೆ, ನಡುವೆ ಒತ್ತೊತ್ತಾಗಿ ಸೇರಿಕೊಂಡು ನಿಂತವು.

"ಬನ್ನಿ ಮೇಲಕ್ಕೆ," ಅತ್ತೆ ದಡದಿಂದ ಕರೆದರು. "ಊಟ ಆರುತ್ತೆ."

"ಹೇಗೆ ಬರಲಿ?" ಮಾವ ತುಟಿ ಅಲುಗಿಸದೆ ಹೇಳಿದರು. "ಕಾಲೆತ್ತಿದ್ರೆ ಯಾವುದಾದ್ರೂ ಸಿಕ್ಕಿಹಾಕ್ಕೊಳ್ಳುತ್ತೆ."

"ಎಷ್ಟು ಹೊತ್ತು ನಿಲ್ತೀರಿ?"

"ಅವಕ್ಕೆ ಧೈರ್ಯ ಬರೋ ತನಕ."

ಸೊಸೆ ಚಪ್ಪಲಿ ಬಿಟ್ಟು ನೀರಿಗಿಳಿಯಲು ಹೋದಳು. ಮಾವ ಕೈ ಅಡ್ಡ ಮಾಡಿದರು. "ಬೇಡ, ಬೇಡ. ನೀರು ಕಲಕುತ್ತೆ. ನೀನು ಊಟ ಮಾಡು ಹೋಗು."

ಅವರು ದಡದಲ್ಲಿ ಊಟ ಮಾಡಿದರು. ಮಾವ ನೀರಿನಲ್ಲಿ ಕಂಬದಂತೆ ನಿಂತೇ ಇದ್ದರು. ಕೊನೆಗೆ ಸೊಸೆಯೇ ದಡದ ಕಲ್ಲೊಂದರ ಮೇಲೆ ಮಂಡಿಯೂರಿ, ಕೈ ಚಾಚಿ ಅವರಿಗೆ ತುತ್ತು ಕೊಟ್ಟಳು. ಅವರು ಅಗಿಯುತ್ತಲೇ ಕೆಳಗೆ ನೋಡಿದರು. ಒಂದು ಮೀನು ಬೂಟಿನ ಮರೆಯಿಂದ ಮುಖ ಹೊರಹಾಕಿ, ಸುತ್ತ ನೋಡಿ, ಮತ್ತೆ ಒಳಗೆ ಸೇರಿಕೊಂಡಿತು.

"ಇನ್ನೊಂಚೂರು ಹೊತ್ತು," ಎಂದರು ಮಾವ.